ಓಟದ ಭಾನುವಾರ, ಪೂಜೆಯ ಹೊತ್ತು: ಒಂದು ಧರ್ಮಕೇಂದ್ರದ ನಾಲ್ಕು ವರ್ಷ

ಹಿನ್ನೆಲೆ

ಕ್ರೀಡಾಕೂಟಗಳಿಂದ ಚರ್ಚಿನ ಆರಾಧನೆ ಕೆಡುತ್ತದೆ ಎಂದಾಗ ಎಲ್ಲ ಬಗೆಯ ತೊಂದರೆಯನ್ನೂ ಒಂದೇ ಗಂಟಿಗೆ ಕಟ್ಟುವುದುಂಟು. ಹಾಗೆ ಕಟ್ಟಿದರೆ ಪರಿಹಾರ ಸಿಗುವುದಿಲ್ಲ. 2023ರ ನವೆಂಬರ್ 19ರ ಭಾನುವಾರ ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟ್ ಫೈನಲ್ ಮಧ್ಯಾಹ್ನ 2ಕ್ಕೆ ಶುರುವಾಯಿತು. ಅಂಥ ಸಂಜೆ ಪೂಜೆಗೆ ಬಾರದೆ ಟಿ.ವಿ. ಮುಂದೆ ಕುಳಿತವರು ತಾವಾಗಿಯೇ ಹಾಗೆ ತೀರ್ಮಾನಿಸಿದವರು. ದಾರಿ ಅವರಿಗೆ ತೆರೆದೇ ಇರುತ್ತದೆ. 2025ರ ಏಪ್ರಿಲ್ 18, ಶುಭ ಶುಕ್ರವಾರ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾತ್ರಿ 7.30ಕ್ಕೆ ಐಪಿಎಲ್ ಪಂದ್ಯ ನಿಗದಿಯಾಗಿತ್ತು. ಅಂಥ ದಿನ ಆ ಸುತ್ತಿನ ಚರ್ಚುಗಳಲ್ಲಿ ಮಧ್ಯಾಹ್ನ 3ರ ಶಿಲುಬೆಯ ಆರಾಧನೆ ಮುಗಿಸಿದವರೂ ಪಂದ್ಯಕ್ಕೆ ಬಂದವರೂ ಅದೇ ಪಾರ್ಕಿಂಗ್, ಅದೇ ಮೆಟ್ರೊ ಹಂಚಿಕೊಳ್ಳಬೇಕು. ಕಿರಿಕಿರಿಯೇನೋ ಹೌದು, ಆದರೆ ಸ್ವಲ್ಪ ಮೊದಲು ಹೊರಟು, ಸ್ವಲ್ಪ ನಡೆದು ನಿಭಾಯಿಸಬಹುದು.

ರಸ್ತೆ ಓಟದ ಕತೆ ಬೇರೆ. ಅದು ತಡೆಯುವುದು ಪೂಜೆಗೆಂದು ಮನೆಯಿಂದ ಹೊರಟವರನ್ನೇ. ಮುಂಬೈಯಲ್ಲಿ 2004ರಿಂದ, ಬೆಂಗಳೂರಿನಲ್ಲಿ 2008ರಿಂದ ದೊಡ್ಡ ಓಟಗಳು ಭಾನುವಾರ ಬೆಳಗಿನ ಜಾವವೇ ನಡೆಯುತ್ತ ಬಂದಿವೆ. ಕಾರಣ ಎಲ್ಲರಿಗೂ ಗೊತ್ತಿರುವಂಥದ್ದು: ಕಚೇರಿಗಳಿಗೆ ರಜೆ, ವಾಹನ ಕಡಿಮೆ, ಬಿಸಿಲು ಏರಿರುವುದಿಲ್ಲ. ಚರ್ಚುಗಳು ಬೆಳಗಿನ ಪೂಜೆಗಳನ್ನು ಇಟ್ಟುಕೊಂಡಿರುವುದೂ ಹೆಚ್ಚು ಕಡಿಮೆ ಇದೇ ಕಾರಣಕ್ಕೆ. ಇಬ್ಬರಿಗೂ ಬೇಕಾದದ್ದು ಒಂದೇ ಹೊತ್ತು, ಒಂದೇ ರಸ್ತೆ.

ಈ ಪ್ರಕರಣ ಬೆಂಗಳೂರಿನ ಹಳೆಯ ದಂಡು ಪ್ರದೇಶದ ಒಂದು ಕಥೋಲಿಕ ಧರ್ಮಕೇಂದ್ರದ್ದು, ಎಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಪ್ರದೇಶದ ಜನರದ್ದು. ಧರ್ಮಕೇಂದ್ರದ ಹೆಸರು, ಓಟದ ಹೆಸರು, ಇಸವಿ, ರಸ್ತೆಗಳ ಹೆಸರು ಬಿಟ್ಟಿದೆ. ವ್ಯಕ್ತಿಗಳನ್ನು ಅವರ ಹೊಣೆಯಿಂದಷ್ಟೇ ಗುರುತಿಸಿದೆ. ಭಾನುವಾರದ ಪೂಜೆಗಳು ಹೀಗಿದ್ದವು: ಬೆಳಿಗ್ಗೆ 6ಕ್ಕೆ ತಮಿಳು, 7.15ಕ್ಕೆ ಕನ್ನಡ, 8.30ಕ್ಕೆ ಇಂಗ್ಲಿಷ್, ಸಂಜೆ 6ಕ್ಕೆ ಮತ್ತೊಂದು ಇಂಗ್ಲಿಷ್. ಕನ್ನಡ ಪೂಜೆಗೆ ಸುಮಾರು 420 ಜನ. ಅವರಲ್ಲಿ ಹೆಚ್ಚಿನವರು ಧರ್ಮಕೇಂದ್ರದ ಗಡಿಯೊಳಗಿನವರಲ್ಲ. ಮನೆಕೆಲಸ, ಹೋಟೆಲು, ಸೆಕ್ಯುರಿಟಿ ಎಂದು ದುಡಿಯುವವರು. ಭಾನುವಾರವೂ 9 ಗಂಟೆಗೆ ಕೆಲಸಕ್ಕೆ ಹಾಜರಾಗಬೇಕಾದವರು. 7.15 ಎಂಬ ಹೊತ್ತು ಅವರ ದಿನಚರಿಗೆ ಅಳತೆ ಮಾಡಿ ಹೊಲಿದ ಹಾಗಿತ್ತು. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಇದನ್ನು ನೆನಪಿಡಬೇಕು.

ಸಮಸ್ಯೆ

ಮೊದಲ ವರ್ಷ 10 ಕಿ.ಮೀ. ಓಟದ ದಾರಿಯನ್ನು ಹೊಸದಾಗಿ ಎಳೆದಿದ್ದರು. ಹೊಸ ದಾರಿ ಚರ್ಚಿನ ಎದುರಿನ ಮುಖ್ಯರಸ್ತೆಯಲ್ಲಿ ಹೋಗಿ, ಮುಂದಿನ ವೃತ್ತದಲ್ಲಿ ತಿರುಗಿ, ಹಿಂದಿನ ರಸ್ತೆಯಲ್ಲಿ ವಾಪಸಾಗುತ್ತಿತ್ತು. ನಕಾಶೆಯಲ್ಲಿ ನೋಡಿದರೆ ಒಂದು ಕುಣಿಕೆ. ಚರ್ಚು, ಒಂದು ಸಣ್ಣ ನರ್ಸಿಂಗ್ ಹೋಂ, ಸುಮಾರು ಎಪ್ಪತ್ತು ಮನೆ ಆ ಕುಣಿಕೆಯ ಒಳಗೆ. ದಾರಿ ಚರ್ಚಿನ ಒಂದೇ ಬದಿಗೆ ಹಾದುಹೋಗಿದ್ದರೆ ಇನ್ನೊಂದು ಬದಿಯಿಂದ ಬರಬಹುದಿತ್ತು. ಕುಣಿಕೆಯೊಳಗೆ ಸಿಕ್ಕಿದ ಜಾಗ ಮಾತ್ರ ಓಟ ಮುಗಿಯುವವರೆಗೆ ದ್ವೀಪ. ಓಟದ ನಕಾಶೆ ಕೈಗೆ ಬಂದಾಗ ಯಾವ ಚರ್ಚಿನವರೂ ಮೊದಲು ನೋಡಬೇಕಾದದ್ದು ಇದನ್ನೇ. ಚರ್ಚು ದಾರಿಯ ಹತ್ತಿರ ಇದೆಯೇ ಎಂಬುದು ಆಮೇಲಿನ ಮಾತು, ದಾರಿಯ ಒಳಗೆ ಇದೆಯೇ ಎಂಬುದು ಮೊದಲಿನದು.

ಸಂಚಾರ ಪೊಲೀಸರ ಪ್ರಕಟಣೆ ಶನಿವಾರದ ಪತ್ರಿಕೆಯಲ್ಲಿ ಬಂತು. ಧರ್ಮಕೇಂದ್ರಕ್ಕೆ ಗೊತ್ತಾದದ್ದು ಆಗಲೇ. ಇದರಲ್ಲಿ ಕಾನೂನು ತಪ್ಪಿದ್ದೇನೂ ಇರಲಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಮಿನ ಪ್ರಕಾರ ವಾಹನ ನಿರ್ಬಂಧ ಒಂದು ತಿಂಗಳಿಗೆ ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಾಗಿಲ್ಲ. ಸಾಧ್ಯವಾದಷ್ಟು ಸ್ಥಳೀಯ ಪ್ರಚಾರ ಕೊಟ್ಟರೆ ಸಾಕು. ಅಂದರೆ ಹಿಂದಿನ ದಿನ ಬರುವ ಪ್ರಕಟಣೆಯನ್ನು ಕಾಯುತ್ತ ಕೂತವರಿಗೆ ಹಿಂದಿನ ದಿನವೇ ಗೊತ್ತಾಗುವುದು.

ಭಾನುವಾರ 6ರ ತಮಿಳು ಪೂಜೆಗೆ ಹತ್ತಿರದ ಮನೆಯವರು ರಸ್ತೆ ಮುಚ್ಚುವ ಮೊದಲೇ ಬಂದುಬಿಟ್ಟಿದ್ದರು, ಅರ್ಧದಷ್ಟು ಜನ ಸೇರಿದರು. 7.15ಕ್ಕೆ ಕನ್ನಡ ಪೂಜೆ ಶುರುವಾದಾಗ ಒಳಗೆ ಇದ್ದವರು 110. ಕೀಬೋರ್ಡ್ ನುಡಿಸುವವರು ವೃತ್ತದಾಚೆ ಸಿಕ್ಕಿಕೊಂಡರು, ಬೈಬಲಿನ ಮೊದಲ ವಾಚನ ಓದಬೇಕಾದವರು ಬರಲೇ ಇಲ್ಲ. ಪೀಠದ ಸೇವೆ ನೋಡಿಕೊಳ್ಳುವವರು ಎಂದಿನಂತೆ 400 ಓಸ್ತಿ (ಪರಮಪ್ರಸಾದವಾಗಿ ಹಂಚುವ ತೆಳು ರೊಟ್ಟಿ) ಇಟ್ಟಿದ್ದರು. ಗುರುಗಳು ಅವನ್ನು ಪವಿತ್ರಗೊಳಿಸುವ ಪ್ರತಿಷ್ಠೆಯಾದ ಮೇಲೆ ಉಳಿದ 300ರಷ್ಟನ್ನು ಪರಮಪ್ರಸಾದ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ವಾರವಿಡೀ ಹೊಸದಾಗಿ ಇಡದೆ ಅದನ್ನೇ ಹಂಚಿದರು.

ಮುಖ್ಯರಸ್ತೆಯ ಅಗಲ 18 ಮೀಟರ್. ಆಚೆ ಬದಿಯ ಫುಟ್‌ಪಾತ್ ಮೇಲೆ ನಲವತ್ತು ಐವತ್ತು ಜನ ನಿಂತಿದ್ದರು. ಅವರಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಜ್ಜಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪ್ರಾರ್ಥನೆ ಪುಸ್ತಕ ಹಿಡಿದು, ಸೆರಗನ್ನು ತಲೆ ಮೇಲೆ ಎಳೆದುಕೊಂಡಿದ್ದರು. ಓಟಗಾರರ ಸಾಲು ಮುಗಿಯುತ್ತಲೇ ಇರಲಿಲ್ಲ. ಪ್ರತಿಷ್ಠೆಯ ಗಂಟೆ ಕೇಳಿಸಿದಾಗ ಅಜ್ಜಿ ಫುಟ್‌ಪಾತಿನ ಅಂಚಿನಲ್ಲೇ ಮೊಣಕಾಲೂರಿದರು. ಪಕ್ಕದಲ್ಲಿದ್ದ ಮಾರ್ಷಲ್ ಹುಡುಗನಿಗೆ ಏನು ಮಾಡಬೇಕೆಂದು ತೋಚದೆ, ಅವರಿಗೆ ಯಾರೂ ತಾಗದ ಹಾಗೆ ಎರಡು ಕೈ ಚಾಚಿ ನಿಂತ. ಮುಂದೆ ನಡೆದ ಪ್ರತಿಯೊಂದು ಸಭೆಯಲ್ಲೂ ಯಾರಾದರೊಬ್ಬರು ಈ ಮಾತನ್ನು ಎತ್ತುತ್ತಿದ್ದರು.

ಅದೇ ಬೆಳಿಗ್ಗೆ ಇನ್ನೊಂದು ಸಂಗತಿ ನಡೆಯಿತು. ಪಕ್ಕದ ಬಡಾವಣೆಯ ಮನೆಯೊಂದರಿಂದ ಸಾವಿನಂಚಿನಲ್ಲಿದ್ದವರಿಗೆ ರೋಗಿಗಳ ಅಭ್ಯಂಗ (ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ವಿಧಿ) ಕೊಡಲು ಕರೆ ಬಂತು. ಸಹಾಯಕ ಗುರುಗಳು ಸ್ಕೂಟರ್ ತೆಗೆಯಲಾಗದೆ ನಡೆದೇ ಹೋದರು. ಹತ್ತು ನಿಮಿಷದ ದಾರಿಗೆ 45 ನಿಮಿಷ ಹಿಡಿಯಿತು. ಅವರು ತಲುಪಿದಾಗ ರೋಗಿ ಇನ್ನೂ ಇದ್ದರು. ಇಲ್ಲದೆಯೂ ಇರಬಹುದಿತ್ತು.

ಎರಡನೇ ವರ್ಷ: ಹೊತ್ತು ಬದಲಿಸಿದರು, ಗಾಯ ಮಾಡಿದರು

ಮರುವರ್ಷ ಗುರುಗಳಿಗೆ ಸಲಹೆ ಕೊಡುವ ಪಾಲನಾ ಮಂಡಳಿ ಮೂರು ವಾರ ಮೊದಲು ಸೇರಿತು. ಸಿಟ್ಟಿನಲ್ಲಿ ಎರಡು ಸಲಹೆ ಬಂದವು: ಆಯೋಜಕರ ವಿರುದ್ಧ ಪ್ರತಿಭಟನೆ ಮಾಡುವುದು, ಕೋರ್ಟಿಗೆ ಹೋಗುವುದು. ಎರಡನ್ನೂ ಬಿಟ್ಟದ್ದು ಸರಿಯೇ. ಅಷ್ಟರಲ್ಲಿ ಸಾವಿರಾರು ಜನ ಹಣ ಕಟ್ಟಿ ನೋಂದಾಯಿಸಿಕೊಂಡಿದ್ದರು, ದಾರಿ ಅಳೆದು ಮುಗಿದಿತ್ತು. ಮೂರು ವಾರ ಮೊದಲು ಯಾರೂ ಓಟದ ದಾರಿ ಬದಲಿಸುವುದಿಲ್ಲ. ಅಳತೆ ಮತ್ತೆ ಮಾಡಿಸಬೇಕಾಗುತ್ತದೆ.

ಹಾಗಾಗಿ ಮಂಡಳಿ ತನ್ನ ಕೈಯಲ್ಲಿದ್ದದ್ದನ್ನೇ ಬದಲಿಸಿತು. ತಮಿಳು ಪೂಜೆ 5ಕ್ಕೆ. ಇಂಗ್ಲಿಷ್ ಪೂಜೆ 9.30ಕ್ಕೆ. ನಡುವಿನ ಕನ್ನಡ ಪೂಜೆ ಓಟದ ನಟ್ಟನಡುವೆ ಬೀಳುತ್ತಿದ್ದರಿಂದ ಅದನ್ನು ರದ್ದುಮಾಡಿ, ಸಂಜೆ 5ಕ್ಕೆ ಇಟ್ಟರು. ಗಡಿಯಾರದ ಲೆಕ್ಕದಲ್ಲಿ ಇದು ಸರಿಯಾಗಿಯೇ ಇತ್ತು. ಸಭೆಯಲ್ಲಿ ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. ಆ ಸಭೆಯಲ್ಲಿ ಕನ್ನಡ ಪೂಜೆಗೆ ನಿಯಮಿತವಾಗಿ ಬರುವ ಸದಸ್ಯರು ಇಬ್ಬರೇ ಇದ್ದರು.

ಬೆಂಗಳೂರಿನ ಕಥೋಲಿಕರ ನಡುವೆ ಬೆಳೆದವರಿಗೆ ಇದರ ಪರಿಣಾಮ ವಿವರಿಸಬೇಕಾಗಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದಾಗಿನಿಂದ ಯಾವ ಚರ್ಚಿನಲ್ಲಿ ಯಾವ ಭಾಷೆಗೆ ಯಾವ ಹೊತ್ತು ಎಂಬುದು ಇಲ್ಲಿ ದಶಕಗಳಿಂದ ಚರ್ಚೆಯ ವಿಷಯ. ಕನ್ನಡ ಪೂಜೆಗೆ ಬೆಳಗಿನ ಒಳ್ಳೆಯ ಹೊತ್ತು ಸಿಕ್ಕಿದ್ದು ಎಷ್ಟೋ ಕಡೆ ಕೇಳಿ ಕೇಳಿ ಪಡೆದದ್ದು. ಮೂರರಲ್ಲಿ ಎರಡನ್ನು ಜರುಗಿಸಿ ಒಂದನ್ನು ಮಾತ್ರ ಎತ್ತಿಹಾಕಿದಾಗ, ಆ ಒಂದು ಕನ್ನಡದ್ದೇ ಆದಾಗ, ಕಾರಣ ಓಟ ಎಂದು ಯಾರೂ ನಂಬಲಿಲ್ಲ. ಪ್ರಕಟಣೆ ಓದಿದ ಭಾನುವಾರ ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ಗುರುಗಳ ಹತ್ತಿರ ಬಂದು, “ಸ್ವಾಮಿಯವರೇ, ಜಾಗ ಬಿಡೋದು ಯಾವಾಗ್ಲೂ ನಾವೇನಾ?” ಎಂದಷ್ಟೇ ಕೇಳಿ ಹೊರಟುಹೋದರು.

ಓಟದ ದಿನದ ಫಲ ಹೀಗಿತ್ತು. ಸಂಜೆ 5ರ ಕನ್ನಡ ಪೂಜೆಗೆ ಬಂದವರು 95. ಕೆಲಸದಲ್ಲಿದ್ದವರಿಗೆ ಆ ಹೊತ್ತು ಆಗಲೇ ಇಲ್ಲ. ಬೆಳಿಗ್ಗೆ 5ರ ತಮಿಳು ಪೂಜೆಗೆ ಜನ ಬಂದರು, ಆದರೆ 5.50ಕ್ಕೆ ಮುಗಿಸಿ ಹೊರಬಂದಾಗ ಓಟ ಶುರುವಾಗಿತ್ತು. ಬಂದವರು ಮನೆಗೆ ಹೋಗಲಾರದೆ 7ರವರೆಗೆ ಆವರಣದಲ್ಲೇ ಉಳಿದರು, ಮಧುಮೇಹದ ಇಬ್ಬರಿಗೆ ತಲೆ ಸುತ್ತು ಬಂತು. ಬರುವ ದಾರಿ ನೋಡಿ ಹೊತ್ತು ನಿಗದಿ ಮಾಡಿದವರು ಹೋಗುವ ದಾರಿ ನೋಡಿರಲಿಲ್ಲ. 9.30ರ ಇಂಗ್ಲಿಷ್ ಪೂಜೆಗೂ ತೊಡಕು. ಪ್ರಕಟಣೆಯಲ್ಲಿ ‘9ಕ್ಕೆ ರಸ್ತೆ ಮುಕ್ತ’ ಎಂದಿತ್ತು. ಓಟಗಾರರು ಹೋದ ಮೇಲೆ ಬ್ಯಾರಿಕೇಡ್ ಎತ್ತಬೇಕು, ನೀರಿನ ಮೇಜು, ಬಿದ್ದ ಲೋಟ, ಬಾಟಲಿ ತೆಗೆಯಬೇಕು. ವಾಹನ ಬಿಟ್ಟಾಗ 9.40 ಆಗಿತ್ತು.

ಇದರ ಮೇಲೆ ಆವರಣದ ಗೇಟನ್ನು ಯಾರೋ 4 ಗಂಟೆಗೇ ತೆರೆದಿದ್ದರು. ಓಟಕ್ಕೆ ಬಂದವರ ಐವತ್ತು ಕಾರು ಒಳಗೆ ನಿಂತವು. ನಡೆಯಲಾಗದವರನ್ನು ಇಳಿಸಲೂ ಜಾಗವಿರಲಿಲ್ಲ.

ಮೂರನೇ ವರ್ಷ: ದಾರಿಯ ಲೆಕ್ಕ

ಎರಡನೇ ವರ್ಷದ ಗಾಯ ಆರಬೇಕಾದರೆ ಮೊದಲು ಒಂದು ನಿಯಮ ಬರೆಯಬೇಕೆಂದು ಧರ್ಮಕೇಂದ್ರದ ಗುರುಗಳು ಹಟ ಹಿಡಿದರು. ಇಡೀ ಪ್ರಕರಣದ ತಿರುವು ಇದು. ನಿಯಮದಲ್ಲಿ ಯಾವ ಭಾಷೆಯ ಹೆಸರೂ ಇರಲಿಲ್ಲ. ಯಾವ ಪೂಜೆಯನ್ನೂ ರದ್ದು ಮಾಡುವಂತಿಲ್ಲ. ಹೊತ್ತು ಜರುಗಿಸಲೇಬೇಕಾದರೆ ಎಷ್ಟು ಕಡಿಮೆ ಸಾಧ್ಯವೋ ಅಷ್ಟು. ಹೊತ್ತು ಜರುಗಿದ ಪೂಜೆಯ ಭಾಷೆಯಲ್ಲಿ ಭಾನುವಾರ ಬೇರೆ ಪೂಜೆ ಇಲ್ಲದಿದ್ದರೆ, ಅದೇ ಭಾಷೆಯಲ್ಲಿ ಶನಿವಾರ ಸಂಜೆ ಒಂದು ಹೆಚ್ಚುವರಿ ಪೂಜೆ. ತೀರ್ಮಾನದ ಸಭೆಯಲ್ಲಿ ಬೆಳಗಿನ ಮೂರೂ ಪೂಜೆಗಳ ಜನ ಸಮನಾಗಿ ಇರಬೇಕು. ಅರ್ಧ ಹಾಳೆಯಲ್ಲಿ ಮುಗಿದ ಈ ಬರಹ ಆಮೇಲಿನ ಎಲ್ಲ ಮಾತನ್ನೂ ಹಗುರ ಮಾಡಿತು.

ಶನಿವಾರದ ಪೂಜೆಗೆ ಚರ್ಚಿನ ಕಾನೂನಿನ ಆಧಾರವಿದೆ. ಕಾನೂನು ಸಂಹಿತೆಯ 1248ನೇ ನಿಯಮದಂತೆ ಹಿಂದಿನ ದಿನದ ಸಂಜೆ ಪೂಜೆಯಲ್ಲಿ ಭಾಗವಹಿಸಿದವರು ಭಾನುವಾರ ಪೂಜೆಗೆ ಬರಲೇಬೇಕೆಂಬ ಕಟ್ಟಳೆಯನ್ನು ಪೂರೈಸಿದಂತೆಯೇ. ಭಾನುವಾರದ್ದೇ ವಾಚನಗಳು, ಭಾನುವಾರದ್ದೇ ಪ್ರಬೋಧನೆ. ಇದು ಗೊತ್ತಿಲ್ಲದೆ ‘ಶನಿವಾರದ್ದು ಲೆಕ್ಕಕ್ಕಿಲ್ಲ’ ಎಂದುಕೊಂಡ ಹಿರಿಯರು ಬಹಳ. ಮೂರು ವಾರ ಮೊದಲಿನಿಂದ ಪ್ರತಿ ಪೂಜೆಯ ಕೊನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಯಿತು. ಗುರುಗಳ ಎಣಿಕೆಯನ್ನೂ ನೋಡಿಕೊಳ್ಳಬೇಕು: 905ನೇ ನಿಯಮದ ಪ್ರಕಾರ ಅಗತ್ಯವಿದ್ದಾಗ ಧರ್ಮಾಧ್ಯಕ್ಷರ ಅನುಮತಿಯಿಂದ ಒಬ್ಬ ಗುರು ಸಾಮಾನ್ಯ ದಿನ ಎರಡು, ಭಾನುವಾರ ಮೂರು ಪೂಜೆಯವರೆಗೆ ಅರ್ಪಿಸಬಹುದು. ಇಲ್ಲಿ ಇಬ್ಬರು ಗುರುಗಳಿದ್ದರು, ತೊಂದರೆಯಾಗಲಿಲ್ಲ. ಒಬ್ಬರೇ ಇರುವ ಕಡೆ ಪಕ್ಕದ ಮಠದ ಗುರುಗಳನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ನಿಯಮ ಬರೆದಾದ ಮೇಲೆ ಐವರ ತಂಡ ಹತ್ತು ವಾರ ಮೊದಲೇ ಕೆಲಸ ಶುರುಮಾಡಿತು. ಓಟದ ಬಗ್ಗೆ ಮಾಹಿತಿ ಮೂರು ಹಂತದಲ್ಲಿ ಹೊರಬರುತ್ತದೆ ಎಂಬುದನ್ನು ಅವರು ಆ ಹೊತ್ತಿಗೆ ಕಂಡುಕೊಂಡಿದ್ದರು. ನೋಂದಣಿ ತೆರೆದ ದಿನವೇ ತಾರೀಕು ಗೊತ್ತಾಗುತ್ತದೆ, ತಿಂಗಳುಗಟ್ಟಲೆ ಮೊದಲು. ದಾರಿಯ ನಕಾಶೆ ಮತ್ತು ಯಾವ ಓಟ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಆಮೇಲೆ. ಪೊಲೀಸ್ ಪ್ರಕಟಣೆ ಕಟ್ಟಕಡೆಗೆ. ಮಕ್ಕಳು ಮೊದಲ ಸಲ ಪರಮಪ್ರಸಾದ ಪಡೆಯುವ ಪ್ರಥಮ ಪರಮಪ್ರಸಾದದಂಥ ದೊಡ್ಡ ದಿನವನ್ನು ಮೊದಲ ಹಂತದಲ್ಲೇ ಬೇರೆ ಭಾನುವಾರಕ್ಕೆ ಒಯ್ಯಬೇಕು. ಆ ವರ್ಷ 32 ಮಕ್ಕಳ ಪ್ರಥಮ ಪರಮಪ್ರಸಾದವನ್ನು ಒಂದು ವಾರ ಮುಂದೆ ಹಾಕಿದರು, ಬಟ್ಟೆ ಹೊಲಿಸುವ ಮೊದಲೇ ಗೊತ್ತಾದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಆಮೇಲೆ ಲೆಕ್ಕ. ಮುಖ್ಯರಸ್ತೆಯಲ್ಲಿ ದಾಟಬೇಕಾದ ಜಾಗ ಓಟದ 6.4ನೇ ಕಿಲೋಮೀಟರಿನಲ್ಲಿತ್ತು. ಎಲ್ಲರಿಗೂ ತೆರೆದ 10 ಕಿ.ಮೀ. ಓಟ 5.20ಕ್ಕೆ ಶುರು, ಜನ ಬಹಳವಾದ್ದರಿಂದ ತಂಡತಂಡವಾಗಿ ಬಿಡುತ್ತಾರೆ, ಕೊನೆಯ ತಂಡ 5.55ಕ್ಕೆ. ವೇಗದ ಹವ್ಯಾಸಿ ಓಟಗಾರ ಕಿಲೋಮೀಟರಿಗೆ ಮೂರೂವರೆ ನಿಮಿಷದಂತೆ 5.42ರ ಹೊತ್ತಿಗೆ ಅಲ್ಲಿಗೆ ಬರುತ್ತಾನೆ. ಕೊನೆಯ ತಂಡದಲ್ಲಿ ಬಿರುಸಾಗಿ ನಡೆಯುವವರು ಕಿಲೋಮೀಟರಿಗೆ 11 ನಿಮಿಷ ತೆಗೆದುಕೊಂಡರೆ 70 ನಿಮಿಷ, ಅಂದರೆ 7.05. ಆನಂತರ ವೃತ್ತಿಪರ ಮಹಿಳೆಯರ ಓಟ 7.10ಕ್ಕೆ, ಅವರು 20 ನಿಮಿಷದಲ್ಲಿ, 7.30ಕ್ಕೆ ಆ ಜಾಗ ಮುಟ್ಟುತ್ತಾರೆ. ಓಟಗಾರರ ಮುಂದೆ ಸಾಗುವ ವಾಹನಕ್ಕೆಂದು ಪೊಲೀಸರು ಎರಡು ನಿಮಿಷ ಮೊದಲೇ ದಾರಿ ಕಟ್ಟುತ್ತಾರೆ. ಪುರುಷರದು 7.20ಕ್ಕೆ ಹೊರಟು 7.38ಕ್ಕೆ ಬರುತ್ತದೆ. ಕೊನೆಯಲ್ಲಿ ನಡೆಯುವ ಮೋಜಿನ ಓಟ ಈ ರಸ್ತೆಗೆ ಬರುವುದೇ ಇಲ್ಲ.

ಈ ಲೆಕ್ಕ ಹಾಕಿದಾಗ 7.05ರಿಂದ 7.28ರವರೆಗೆ 23 ನಿಮಿಷದ ತೆರಪು ಕಂಡಿತು. ಎರಡು ವರ್ಷ ಅದು ಅಲ್ಲೇ ಇತ್ತು, ಯಾರೂ ಕಂಡಿರಲಿಲ್ಲ. ಕನ್ನಡ ಪೂಜೆಯನ್ನು 7.15ರಿಂದ 7.40ಕ್ಕೆ ಜರುಗಿಸಿದರೆ ಸಾಕಾಯಿತು, 8.40ಕ್ಕೆ ಮುಗಿಯುವಾಗ ರಸ್ತೆಯಲ್ಲಿ ಓಟಗಾರರೇ ಇರುವುದಿಲ್ಲ. 9ಕ್ಕೆ ಕೆಲಸವಿದ್ದವರಿಗೆ ಬಿಗಿಯಾಗುತ್ತಿತ್ತು, ಅವರಿಗಾಗಿ ಶನಿವಾರ ಸಂಜೆ 7ರ ಕನ್ನಡ ಪೂಜೆ. ತಮಿಳು ಪೂಜೆ 6ರಲ್ಲೇ ಉಳಿಯಿತು: 5.40ರ ಒಳಗೆ ದಾಟಿ ಬನ್ನಿ, ಮುಗಿದ ಮೇಲೆ 7.05ರವರೆಗೆ ಸಭಾಂಗಣದಲ್ಲಿ ಕಾಫಿ ಇಡ್ಲಿ ಇದೆ ಎಂದರು. ಕನ್ನಡದ ನಂತರ ಇಂಗ್ಲಿಷ್ ಪೂಜೆ 8.30ರಿಂದ 8.50ಕ್ಕೆ ಹೋಯಿತು.

ಪೊಲೀಸರ ಹತ್ತಿರ ಹೋದಾಗ ಎರಡನೇ ತಿರುವು. ಮೊದಲೆರಡು ವರ್ಷ ಇವರು ಕೇಳುತ್ತಿದ್ದದ್ದು ‘ನಮ್ಮವರ ವಾಹನ ಬಿಡಿ’ ಎಂದು. ಅದು ಆಗದ ಮಾತು. ಈ ಸಲ ತಂಡದಲ್ಲಿದ್ದ ನಿವೃತ್ತ ಸರ್ಕಾರಿ ನೌಕರರು 115ನೇ ಕಲಮನ್ನು ಓದಿಕೊಂಡು ಬಂದಿದ್ದರು. ಆ ಕಲಮು ಮಾತಾಡುವುದು ವಾಹನಗಳ ಬಗ್ಗೆ. ಕಾಲ್ನಡಿಗೆಯಲ್ಲಿ ರಸ್ತೆ ದಾಟುವವರನ್ನು ಬಿಡುವುದೋ ತಡೆಯುವುದೋ ಸ್ಥಳದಲ್ಲಿರುವ ಪೊಲೀಸರು ಮತ್ತು ಮಾರ್ಷಲ್‌ಗಳ ವಿವೇಚನೆ. ಹಾಗಾಗಿ ಕೇಳಿದ್ದು ಇಷ್ಟೇ: “ಸಾರ್, ಒಂದೇ ಒಂದು ಕಡೆ, ನಡೆದು ದಾಟೋದಕ್ಕೆ. ಯಾವ ಹೊತ್ತಿಗೆ ಅಂತ ಇಲ್ಲಿ ಬರೆದಿದೀವಿ.” ಜೊತೆಗೆ ಗುರುತು ಹಾಕಿದ ನಕಾಶೆ. ಸಂಚಾರ ಠಾಣೆಯ ಇನ್‌ಸ್ಪೆಕ್ಟರ್ ಒಪ್ಪಿದರು, ಆಯೋಜಕರ ಸಹಿಯೂ ಬೇಕೆಂದರು. ಆಯೋಜಕರಲ್ಲಿ ಮಾತಾಡಬೇಕಾದವರು ಪ್ರಚಾರ ವಿಭಾಗದವರಲ್ಲ, ದಾರಿಯ ಉಸ್ತುವಾರಿ ನೋಡಿಕೊಳ್ಳುವವರು ಎಂದು ತಿಳಿಯಲು ಎರಡು ವಾರ ಹಿಡಿಯಿತು. ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಪ್ರತಿಯೊಂದನ್ನು ಓಟದ ದಿನ ಆ ಜಾಗದ ಸ್ವಯಂಸೇವಕರ ಕೈಯಲ್ಲಿ ಇಡಲಾಯಿತು. ಬಂದೋಬಸ್ತಿಗೆ ಬೇರೆ ಠಾಣೆಯ ಸಿಬ್ಬಂದಿ ಬರುತ್ತಾರೆ. ಇನ್‌ಸ್ಪೆಕ್ಟರ್ ಬಾಯಿಮಾತಿನಲ್ಲಿ ಒಪ್ಪಿದ್ದು ಅವರಿಗೆ ಗೊತ್ತಿರುವುದಿಲ್ಲ.

ಹಗ್ಗದ ದಾಟು

ಓಟಗಾರರು ಬರುತ್ತಿರುವಾಗಲೇ ಜನರನ್ನು ದಾಟಿಸುವ ಒಂದು ಕ್ರಮ ಇದೆ. ತೆರಪು ಕೈಕೊಟ್ಟರೆ ಎಂದು ಅದನ್ನೂ ಅಭ್ಯಾಸ ಮಾಡಿಕೊಂಡರು. ಜಾಗ ಅಗಲವಾಗಿರಬೇಕು. ರಸ್ತೆಯ ನಡುವೆ ಬ್ಯಾರಿಕೇಡುಗಳಿಂದ 10 ಮೀಟರ್ ಉದ್ದದ ನಿಲುಗಡೆ. ಓಟಗಾರರು ಬರುವ ದಿಕ್ಕಿಗೆ ಸುಮಾರು 25 ಮೀಟರ್ ಮೊದಲು ಒಂದು ಹಗ್ಗ. ಅದನ್ನು ನಾಲ್ವರು ಹಿಡಿದು ಓರೆಯಾಗಿ ನಡೆದರೆ ಓಟಗಾರರೆಲ್ಲ ರಸ್ತೆಯ ಎಡ ಅರ್ಧಕ್ಕೆ ಸರಿಯುತ್ತಾರೆ. ಖಾಲಿಯಾದ ಬಲ ಅರ್ಧವನ್ನು 20–25 ಜನ ದಾಟಿ ನಡುವಿನ ನಿಲುಗಡೆಯಲ್ಲಿ ನಿಲ್ಲುತ್ತಾರೆ. ಹಗ್ಗ ಆಚೆ ಬದಿಗೆ ತಿರುಗುತ್ತದೆ, ಓಟಗಾರರು ಬಲಕ್ಕೆ ಸರಿಯುತ್ತಾರೆ, ನಿಂತವರು ಉಳಿದರ್ಧ ದಾಟುತ್ತಾರೆ. ಓಟಗಾರರು ಯಾರೂ ನಿಲ್ಲಬೇಕಾಗಿಲ್ಲ.

ಇಲ್ಲಿ ಕೆಡುವ ಸಂಗತಿಗಳು ಸಣ್ಣಸಣ್ಣವು. ಹಗ್ಗವನ್ನು ಕಂಬಕ್ಕೆ ಕಟ್ಟಬಾರದು. ಯಾರಾದರೂ ಎಡವಿದರೆ ಕೈಯಲ್ಲಿರುವ ಹಗ್ಗವನ್ನು ತಕ್ಷಣ ಬಿಡಬಹುದು, ಕಟ್ಟಿದ್ದು ಬಿಡುವುದಿಲ್ಲ. ನಸುಕಿನಲ್ಲಿ ಹಗ್ಗ ಕಾಣದು, ಮೀಟರಿಗೊಂದು ಕೆಂಪು ಬಟ್ಟೆ ಕಟ್ಟಬೇಕು. ನೀರಿನ ಮೇಜಿನ ಮುಂದಿನ 100 ಮೀಟರ್ ಒಳಗೆ ದಾಟು ಇಡಬಾರದು: ರಸ್ತೆ ಒದ್ದೆ, ಕಾಲಡಿಯಲ್ಲಿ ಲೋಟಗಳು, ಓಟಗಾರರ ಕಣ್ಣು ಕೈಯಲ್ಲಿನ ನೀರಿನ ಮೇಲೆ. ಇಳಿಜಾರಿನಲ್ಲಿ, ತಿರುವಿನಲ್ಲಿ ಬೇಡ. ತಿರುವಿನಲ್ಲಿ ಎಲ್ಲರೂ ಒಳಬದಿಗೆ ಒತ್ತುತ್ತಾರೆ. ವಾಕರ್ ಹಿಡಿದವರಿಗೆ 9 ಮೀಟರ್ ಅರ್ಧರಸ್ತೆಗೆ 25–30 ಸೆಕೆಂಡ್ ಬೇಕು, ಅವರನ್ನು ಗುಂಪಿನ ಕೊನೆಗೆ ಬಿಟ್ಟರೆ ಹಗ್ಗ ತಿರುಗುವಾಗ ರಸ್ತೆಯ ನಡುವೆ ಸಿಕ್ಕಿಕೊಳ್ಳುತ್ತಾರೆ. ಗುಂಪಿನ ಮೊದಲಿಗೆ ಅವರೇ.

ಎಂಟು ಯುವಕರು, ಇಬ್ಬರು ಮೇಲ್ವಿಚಾರಕರು, ಒಂದು ಶಿಳ್ಳೆ. ಚರ್ಚಿನ ಆವರಣದಲ್ಲೇ ಸುಣ್ಣದಿಂದ ರಸ್ತೆಯ ಅಗಲ ಗೆರೆ ಎಳೆದು ಎರಡು ಶನಿವಾರ ಅಭ್ಯಾಸ ಮಾಡಿದರು.

ಅಂದು ನಡೆದದ್ದು

ಕೊನೆಯ ತಂಡವನ್ನು 12 ನಿಮಿಷ ತಡವಾಗಿ ಬಿಟ್ಟರು. 7.05ಕ್ಕೆ ಮುಗಿಯಬೇಕಾದ ಸಾಲು 7.17ರವರೆಗೆ ಎಳೆಯಿತು, ತೆರಪು 23ರಿಂದ 11 ನಿಮಿಷಕ್ಕೆ ಇಳಿಯಿತು. 7.05ಕ್ಕೆ ದಾಟಲೆಂದು ಬಂದ ಇನ್ನೂರು ಜನ ಫುಟ್‌ಪಾತಿನ ಮೇಲೆ ಒತ್ತಿಕೊಂಡು ನಿಂತರು. ಆಗ ಹಗ್ಗ ಇಳಿಯಿತು. ಆರು ಸುತ್ತಿನಲ್ಲಿ ಸುಮಾರು 130 ಜನ ದಾಟಿದರು. ಉಳಿದವರೂ ಆಮೇಲೆ ಬಂದವರೂ 7.17ರ ನಂತರ ಆರಾಮವಾಗಿ ನಡೆದು ಬಂದರು. ಮೊದಲ ವರ್ಷ ಮೊಣಕಾಲೂರಿದ್ದ ಅಜ್ಜಿ ಮೊದಲ ಗುಂಪಿನ ಮುಂದೆಯೇ ಇದ್ದರು. “ಕೈ ಹಿಡ್ಕೊ ಮಗಾ, ಓಡ್ಬೇಡ” ಎಂದು ಹುಡುಗನೊಬ್ಬನ ಮೊಣಕೈ ಹಿಡಿದು ಎರಡೂ ಅರ್ಧ ದಾಟಿದರು.

ಪೂಜೆ 7.40ಕ್ಕೆ ಬದಲು 7.47ಕ್ಕೆ ಶುರುವಾಯಿತು. ಎಷ್ಟು ಕಾಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿದ್ದರು: ಹತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ದಾಟಿನ ಮೇಲ್ವಿಚಾರಕರಿಂದ ಪೀಠದ ಕೋಣೆಗೆ ಒಂದು ಫೋನು, ಅಷ್ಟೇ. ಹಾಜರಾದವರು 310, ಶನಿವಾರ ಸಂಜೆ 85. ಓಸ್ತಿಯನ್ನು ಈ ಸಲ 200 ಮಾತ್ರ ಪೀಠಕ್ಕೆ ತಂದರು, ಕಡಿಮೆ ಬಿದ್ದದ್ದನ್ನು ಪರಮಪ್ರಸಾದ ಪೆಟ್ಟಿಗೆಯಿಂದ ತುಂಬಿಕೊಂಡರು. ಜನ ಎಷ್ಟು ಬರುತ್ತಾರೆಂದು ತಿಳಿಯದ ದಿನ ಇದು ಸುರಕ್ಷಿತ ಕ್ರಮ.

ಸದ್ದಿನ ವಿಷಯದಲ್ಲಿ ಸುಲಭವಾಗಿ ಗೆದ್ದರು. ಹಿಂದಿನ ಎರಡು ವರ್ಷ ಗೇಟಿನಿಂದ 40 ಮೀಟರ್ ದೂರದಲ್ಲಿ ಓಟಗಾರರನ್ನು ಹುರಿದುಂಬಿಸುವ ತಮಟೆ, ಧ್ವನಿವರ್ಧಕದ ವೇದಿಕೆ ಇತ್ತು, ಪೆಟ್ಟಿಗೆಗಳ ಮುಖ ಚರ್ಚಿನತ್ತ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಲ್ಲದೆಂಬ 2000ದ ಶಬ್ದಮಾಲಿನ್ಯ ನಿಯಮವನ್ನು ನೆನಪಿಸಬಹುದಿತ್ತು, ಬೇಕಾಗಲಿಲ್ಲ. ಕೇಳಿದ ಕೂಡಲೇ ಆಯೋಜಕರು ವೇದಿಕೆಯನ್ನು 150 ಮೀಟರ್ ಮುಂದಕ್ಕೆ ಒಯ್ದು ಮುಖ ತಿರುಗಿಸಿದರು. ಎರಡು ವರ್ಷ ಯಾರೂ ಕೇಳಿರಲಿಲ್ಲ.

ಗೇಟಿಗೆ ಬೀಗ ಹಾಕಿ, ಕೀಲಿಯನ್ನು ಹೆಸರು ಹೇಳಿ ಒಬ್ಬರಿಗೇ ಕೊಟ್ಟರು. ನಡೆಯಲಾಗದ 14 ಜನರನ್ನು 5 ಗಂಟೆಗೇ ಕಾರಿನಲ್ಲಿ ಕರೆತರುವ ಯೋಜನೆ ಮಾತ್ರ ನೆಟ್ಟಗಾಗಲಿಲ್ಲ; ಬಂದವರು ಆರೇ ಜನ. 5ಕ್ಕೆ ಎದ್ದು 8.45ರವರೆಗೆ ಹೊರಗಿರುವುದು ಎಂಬತ್ತರ ವಯಸ್ಸಿನವರಿಗೆ ಆಗದ ಮಾತು. ಉಳಿದವರ ಮನೆಗಳಿಗೆ ಆ ವಾರ ಪರಮಪ್ರಸಾದ ಒಯ್ದರು. ಭಾನುವಾರ ಮೆಟ್ರೊ ಸಾಮಾನ್ಯವಾಗಿ 7ಕ್ಕೆ ಶುರುವಾಗುತ್ತದೆ, ದೊಡ್ಡ ಓಟದ ದಿನ ನಸುಕಿನಲ್ಲೇ ಬಿಡುವುದುಂಟು. ಅದು ಪೂಜೆಗೆ ಬರುವವರಿಗೂ ಅನುಕೂಲ ಎಂದು ಆ ವರ್ಷ ಯಾರಿಗೂ ಹೊಳೆಯಲಿಲ್ಲ. ದೂರದವರು ಆಟೊಗಳಿಗೆ ದುಪ್ಪಟ್ಟು ಕೊಟ್ಟು ಬಂದರು.

ಅಭ್ಯಂಗದ ಕರೆ ಆ ದಿನ ಬರಲಿಲ್ಲ. ಬಂದರೂ ಬರಬಹುದೆಂದು ಸಹಾಯಕ ಗುರುಗಳು ಶನಿವಾರ ರಾತ್ರಿಯೇ ಪವಿತ್ರ ತೈಲದೊಂದಿಗೆ ಕುಣಿಕೆಯಾಚೆಯ ಕಾನ್ವೆಂಟಿನಲ್ಲಿ ಉಳಿದಿದ್ದರು. ಒಬ್ಬ ಗುರು ಒಳಗೆ, ಒಬ್ಬರು ಹೊರಗೆ. ಖರ್ಚಿಲ್ಲದ ಏರ್ಪಾಡು, ಮೊದಲ ವರ್ಷದ ಆ 45 ನಿಮಿಷದಿಂದ ಹುಟ್ಟಿದ್ದು.

ನಾಲ್ಕನೇ ವರ್ಷ

ಅದೇ ಕುಣಿಕೆ, ಆದರೆ ಓಡುವ ದಿಕ್ಕು ತಿರುಗಿಸಿದರು. ದಾಟಿನ ಜಾಗ 6.4ನೇ ಕಿಲೋಮೀಟರಿನಿಂದ 3.6ನೇ ಕಿಲೋಮೀಟರಿಗೆ ಬಂತು. ಹೊರಡುವ ಹೊತ್ತುಗಳು ಅವೇ. ತಂಡ ಮತ್ತೆ ಕಾಗದ ಪೆನ್ನು ಹಿಡಿಯಿತು: ಮೊದಲ ಓಟಗಾರ 5.32ಕ್ಕೆ, ಕೊನೆಯವರು 5.55ಕ್ಕೆ ಹೊರಟು 40 ನಿಮಿಷ ನಡೆದರೆ 6.35ಕ್ಕೆ. ವೃತ್ತಿಪರರು 7.19ರಿಂದ 7.35ರ ನಡುವೆ. ಈ ಸಲ ಓಟದ ದಟ್ಟಣೆಗೆ ಸಿಕ್ಕಿದ್ದು 6ರ ತಮಿಳು ಪೂಜೆ.

ಸಭೆಯಲ್ಲಿ ಮೂರೂ ಪೂಜೆಗಳ ಜನ ಸಮನಾಗಿ ಕೂತಿದ್ದರು. ಅರ್ಧ ಹಾಳೆಯ ನಿಯಮವನ್ನು ಓದಿದರು. ತಮಿಳು ಪೂಜೆಯನ್ನು ಸಂಜೆಗೆ ಹಾಕಿಬಿಡೋಣ ಎಂದು ಒಬ್ಬರು ಬಾಯಿ ತೆರೆಯುವ ಮೊದಲೇ, ಎರಡು ವರ್ಷದ ಹಿಂದೆ ‘ಜಾಗ ಬಿಡೋದು ನಾವೇನಾ’ ಎಂದು ಕೇಳಿದ್ದ ಹಿರಿಯರು, ರದ್ದು ಎಂಬ ಮಾತು ಈ ಹಾಳೆಯಲ್ಲಿಲ್ಲ ಎಂದರು. ತಮಿಳು ಪೂಜೆ 6.50ಕ್ಕೆ, ಶನಿವಾರ ಸಂಜೆ ತಮಿಳಿನಲ್ಲೇ ಇನ್ನೊಂದು. ಆ 50 ನಿಮಿಷಕ್ಕೆ ಜಾಗ ಮಾಡಿಕೊಡಲು ಕನ್ನಡ ಪೂಜೆ 8ಕ್ಕೆ, ಇಂಗ್ಲಿಷ್ 9.10ಕ್ಕೆ ಜರುಗಿದವು. 9ಕ್ಕೆ ಕೆಲಸಕ್ಕೆ ಹೋಗುವ ಕನ್ನಡದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಆಗ ಎದ್ದಿತು. ನಿಯಮದಂತೆ ಅವರಿಗೂ ಶನಿವಾರದ ಪೂಜೆ ಸಲ್ಲಬೇಕಿತ್ತು. ಶನಿವಾರ ಸಂಜೆ 6ಕ್ಕೆ ತಮಿಳು, 7.15ಕ್ಕೆ ಕನ್ನಡ ಎಂದು ನೋಟಿಸು ಬೋರ್ಡಿನಲ್ಲಿ ಬರೆದರು, ಎಲ್ಲ ಹೊತ್ತುಗಳನ್ನೂ ಒಂದೇ ಹಾಳೆಯಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ.